‘ಲಿಕ್ವಿಡಿಟಿ’: ಲಾಭವಿದ್ದೂ ಕೈ ಖಾಲಿಯಾಗುವುದೇಕೆ?

ವರ್ಷಾಂತ್ಯದಲ್ಲಿ ಲೆಕ್ಕಪರಿಶೋಧಕರು ಸಿದ್ಧಪಡಿಸಿದ ಲಾಭ-ನಷ್ಟ ಖಾತೆಯಲ್ಲಿ ಹನ್ನೆರಡು ಲಕ್ಷ ರೂಪಾಯಿ ಲಾಭ ಕಾಣಿಸುತ್ತದೆ. ಅದೇ ವಾರ ಕಾರ್ಮಿಕರ ಸಂಬಳಕ್ಕೆ ಮಾಲೀಕರು ಮನೆಯ ಒಡವೆಯನ್ನು ಅಡವಿಡುತ್ತಾರೆ. ಸಣ್ಣ ಉದ್ದಿಮೆಗಳ ವಲಯದಲ್ಲಿ ಇದು ಅಪರೂಪದ ದೃಶ್ಯವೇನಲ್ಲ. ಲೆಕ್ಕ ತಪ್ಪಾಗಿರುವುದಿಲ್ಲ, ಲಾಭವೂ ಸುಳ್ಳಲ್ಲ. ಇಂತಹ ಸ್ಥಿತಿಗೆ ಬ್ಯಾಂಕ್ ಅಧಿಕಾರಿಗಳು ಒಂದೇ ಮಾತಿನಲ್ಲಿ ಕಾರಣ ಹೇಳಿಬಿಡುತ್ತಾರೆ: “ನಿಮ್ಮಲ್ಲಿ ಲಿಕ್ವಿಡಿಟಿ ಸಾಲದು.” ಈ ಮಾತು ಕೇಳಿದ ವರ್ತಕರಲ್ಲಿ ಕೆಲವರು ತಮ್ಮ ವ್ಯಾಪಾರವೇ ಮುಳುಗುತ್ತಿದೆಯೆಂದು ಗಾಬರಿಯಾಗುತ್ತಾರೆ. ಇನ್ನು ಕೆಲವರು ‘ನನ್ನ ಗೋದಾಮಿನಲ್ಲಿ ಮೂವತ್ತು ಲಕ್ಷದ ಮಾಲಿದೆ, ಕೊರತೆಯೆಲ್ಲಿಂದ ಬಂತು?’ ಎಂದು ಸಿಟ್ಟಾಗುತ್ತಾರೆ. ಆ ಪದದ ಅರ್ಥ ಸ್ಪಷ್ಟವಾಗಿದ್ದರೆ ಗಾಬರಿಗೂ ಸಿಟ್ಟಿಗೂ ಕಾರಣವಿರುವುದಿಲ್ಲ.

ಲ್ಯಾಟಿನ್ ಭಾಷೆಯಲ್ಲಿ ‘ಲಿಕ್ವಿಡಸ್’ ಎಂದರೆ ಹರಿಯುವಂಥದ್ದು. ಅಲ್ಲಿಂದ ಇಂಗ್ಲಿಷಿಗೆ ಬಂದ ‘ಲಿಕ್ವಿಡ್’ ಎಂಬ ಪದವನ್ನು ಹಣಕಾಸಿನವರು ಎರವಲು ಪಡೆದು, ಸುಲಭವಾಗಿ ನಗದಾಗುವ ಆಸ್ತಿಗೆ ಅನ್ವಯಿಸಿದರು. ಕನ್ನಡದ ಅರ್ಥಶಾಸ್ತ್ರ ಗ್ರಂಥಗಳಲ್ಲಿ ಇದಕ್ಕೆ ‘ದ್ರವ್ಯತೆ’ ಎಂಬ ಪದ ಬಳಕೆಯಲ್ಲಿದೆ. ಆದರೆ ಈ ಅನುವಾದವೇ ಒಂದು ತೊಡಕನ್ನು ತಂದಿಟ್ಟಿದೆ ಎನ್ನಬೇಕು. ದ್ರವ ಎಂದರೆ ಹರಿಯುವುದು, ದ್ರವ್ಯ ಎಂದರೆ ಹಣ ಅಥವಾ ವಸ್ತು. ‘ದ್ರವ್ಯತೆ’ ಎಂದೊಡನೆ ಸಾಮಾನ್ಯ ಓದುಗನ ಮನಸ್ಸು ಎರಡನೆಯದರ ಕಡೆಗೆ ಹೋಗಿ, ‘ಹಣವಂತಿಕೆ’ ಎಂಬ ಅರ್ಥವನ್ನು ಹಿಡಿಯುತ್ತದೆ. ಲಿಕ್ವಿಡಿಟಿಗೂ ಹಣವಂತಿಕೆಗೂ ನೇರ ಸಂಬಂಧವಿಲ್ಲ. ಒಂದು ಆಸ್ತಿಯನ್ನು ಎಷ್ಟು ಬೇಗ, ಬೆಲೆಯಲ್ಲಿ ಎಷ್ಟು ಕಡಿಮೆ ನಷ್ಟದೊಂದಿಗೆ ನಗದನ್ನಾಗಿ ಪರಿವರ್ತಿಸಬಹುದು ಎಂಬುದೇ ಲಿಕ್ವಿಡಿಟಿ. ಕಾಲ ಮತ್ತು ಬೆಲೆ ಎಂಬ ಎರಡು ಅಳತೆಗಳೂ ಅದರಲ್ಲಿ ಸೇರಿವೆ.

ಊರ ಹೊರವಲಯದ ಒಂದು ನಿವೇಶನಕ್ಕೆ ಐವತ್ತು ಲಕ್ಷ ಬೆಲೆಯಿದೆ ಎನ್ನೋಣ. ಗಿರಾಕಿ ಸಿಕ್ಕಿ, ಕಾಗದಪತ್ರ ಪರಿಶೀಲನೆಯಾಗಿ, ನೋಂದಣಿ ಮುಗಿಯುವ ಹೊತ್ತಿಗೆ ಆರು ತಿಂಗಳಾಗಬಹುದು. ಹದಿನೈದು ದಿನಗಳಲ್ಲಿ ಮಾರಲೇಬೇಕೆಂದು ಹೊರಟರೆ ಮೂವತ್ತೈದಕ್ಕೆ ಕೇಳುವವರು ಬರುತ್ತಾರೆ. ಐದು ಲಕ್ಷದ ಚಿನ್ನವಾದರೋ ಮಧ್ಯಾಹ್ನದೊಳಗೆ ನಗದಾಗುತ್ತದೆ. ನಿವೇಶನದ ಒಡೆಯನು ಹೆಚ್ಚು ಸಿರಿವಂತ, ಆದರೆ ನಾಳೆ ಬೆಳಿಗ್ಗೆ ಚೆಕ್ಕು ಪಾಸಾಗಬೇಕಾದಾಗ ಚಿನ್ನವಿದ್ದವನ ಕೈಯೇ ಮೇಲು. ಶಿವಮೊಗ್ಗ, ಶಿರಸಿ ಭಾಗದ ಅಡಿಕೆಯೂ ಮಾರುಕಟ್ಟೆಯ ದಿನ ಮಾರಾಟವಾಗಿಯೇ ಆಗುತ್ತದೆ, ಆದರೆ ಅಂದಿನ ದರಕ್ಕೆ. ದರ ಏರಲೆಂದು ಕಾಯುವವನು ತನ್ನ ಲಿಕ್ವಿಡಿಟಿಯನ್ನು ಒತ್ತೆಯಿಟ್ಟು ಬೆಲೆಯ ಮೇಲೆ ಪಣ ಕಟ್ಟುತ್ತಿದ್ದಾನೆ. ಬ್ಯಾಡಗಿಯ ಮೆಣಸಿನಕಾಯಿಯನ್ನು ಶೀತಲಗೃಹದಲ್ಲಿಟ್ಟು, ಆ ರಸೀದಿಯ ಮೇಲೆ ಸಾಲ ಪಡೆಯುವವರು ಅನುಸರಿಸುವ ದಾರಿ ಬೇರೆ. ಮಾಲನ್ನು ಮಾರದೆಯೇ ಅದರ ಒಂದು ಭಾಗವನ್ನು ಹರಿಯುವಂತೆ ಮಾಡಿಕೊಳ್ಳುವ ಕ್ರಮವದು. ಇಂತಹ ರಸೀದಿಗಳಿಗೆ ಕಾನೂನಿನ ಬಲ ನೀಡುವುದಕ್ಕಾಗಿಯೇ 2007ರಲ್ಲಿ ಉಗ್ರಾಣಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯಿದೆ ರಚಿತವಾಯಿತು.

ಬ್ರಿಟಿಷ್ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1936ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಬಡ್ಡಿ ಬಾರದಿದ್ದರೂ ಜನರು ನಗದನ್ನು ಇಟ್ಟುಕೊಳ್ಳಲು ಬಯಸುವುದೇಕೆ ಎಂಬ ಪ್ರಶ್ನೆಯನ್ನೆತ್ತಿ ಮೂರು ಕಾರಣಗಳನ್ನು ನೀಡಿದರು. ದಿನನಿತ್ಯದ ವ್ಯವಹಾರ, ಆಪತ್ಕಾಲದ ಎಚ್ಚರಿಕೆ ಮತ್ತು ಲಾಭದಾಯಕ ಅವಕಾಶಕ್ಕಾಗಿ ಕಾಯುವಿಕೆ ಇವೇ ಆ ಕಾರಣಗಳು. ನಮ್ಮ ವರ್ತಕರಿಗೆ ಇವು ಹೊಸ ಸಂಗತಿಗಳೇನಲ್ಲ. ಹಳೆಯ ಅಂಗಡಿಗಳಲ್ಲಿ ಗಲ್ಲಾ ಪೆಟ್ಟಿಗೆ ಬೇರೆ, ಮನೆಯ ತಿಜೋರಿ ಬೇರೆ ಇರುತ್ತಿದ್ದುದು ಇದೇ ವಿವೇಕದಿಂದ.

ಮೂರು ಬಾಯಲ್ಲಿ ಒಂದೇ ಪದ

ಈ ಪದದ ನಿಜವಾದ ಗೊಂದಲ ಬೇರೊಂದು ಕಡೆಯಿದೆ. ಪತ್ರಿಕೆಗಳಲ್ಲಿ ‘ಮಾರುಕಟ್ಟೆಗೆ ಲಿಕ್ವಿಡಿಟಿ ಹರಿಸಿದ ರಿಸರ್ವ್ ಬ್ಯಾಂಕ್’ ಎಂಬ ಶೀರ್ಷಿಕೆ ಬಂದ ಮರುದಿನ ಶಾಖಾ ವ್ಯವಸ್ಥಾಪಕರ ಬಳಿಗೆ ಹೋಗಿ ಓವರ್‌ಡ್ರಾಫ್ಟ್ ಹೆಚ್ಚಿಸುವಂತೆ ಕೇಳುವವರಿದ್ದಾರೆ. ಉತ್ತರ ಸಾಮಾನ್ಯವಾಗಿ ‘ಇಲ್ಲ’ ಎಂದೇ ಇರುತ್ತದೆ. ಕಾರಣವಿಷ್ಟೇ: ರಿಸರ್ವ್ ಬ್ಯಾಂಕ್ ಹೇಳುವ ಲಿಕ್ವಿಡಿಟಿ ಬ್ಯಾಂಕುಗಳ ಕೈಯಲ್ಲಿರುವ ಹೆಚ್ಚುವರಿ ಹಣ. ಷೇರುಪೇಟೆಯವರು ಹೇಳುವ ಲಿಕ್ವಿಡಿಟಿ ಒಂದು ಷೇರನ್ನು ದರ ಕುಸಿಯದಂತೆ ಮಾರಬಲ್ಲ ಅನುಕೂಲ. ಬ್ಯಾಂಕ್ ಅಧಿಕಾರಿ ಉದ್ದಿಮೆದಾರನಿಗೆ ಹೇಳುವ ಲಿಕ್ವಿಡಿಟಿ ಆ ಉದ್ದಿಮೆಯು ತನ್ನ ವಾಯಿದೆಗಳನ್ನು ಸಕಾಲಕ್ಕೆ ತೀರಿಸಬಲ್ಲ ಶಕ್ತಿ. ಮೊದಲನೆಯದು ಹೆಚ್ಚಾದ ಮಾತ್ರಕ್ಕೆ ಮೂರನೆಯದು ಹೆಚ್ಚುವುದಿಲ್ಲ.

2020ರ ಮೇ ತಿಂಗಳಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ಕೋವಿಡ್ ಲಾಕ್‌ಡೌನಿನ ಆ ದಿನಗಳಲ್ಲಿ ಬ್ಯಾಂಕುಗಳು 8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚಿನ ಹಣವನ್ನು ಅಲ್ಪ ಬಡ್ಡಿಗೆ ರಿಸರ್ವ್ ಬ್ಯಾಂಕಿನಲ್ಲಿಯೇ ಇರಿಸಿದ್ದವು. ಅದೇ ವೇಳೆ ಸಾವಿರಾರು ಸಣ್ಣ ಘಟಕಗಳು ವಿದ್ಯುತ್ ಬಿಲ್ ಕಟ್ಟಲಾಗದೆ ಪರದಾಡುತ್ತಿದ್ದವು. ಹಣದ ಕೊರತೆಯಿರಲಿಲ್ಲ, ಸಾಲ ಮರಳಿ ಬರುವುದೆಂಬ ನಂಬಿಕೆಯ ಕೊರತೆಯಿತ್ತು. ಕೇಂದ್ರ ಸರ್ಕಾರವು 3 ಲಕ್ಷ ಕೋಟಿ ರೂಪಾಯಿಯವರೆಗಿನ ಸಾಲಕ್ಕೆ ಪೂರ್ಣ ಖಾತರಿ ನೀಡುವ ತುರ್ತು ಯೋಜನೆಯನ್ನು ಪ್ರಕಟಿಸಿದ ಮೇಲೆಯೇ ಆ ಹಣ ಕೆಳಗಿಳಿಯತೊಡಗಿತು. 2025ರ ಜೂನ್‌ನಲ್ಲಿ ನಗದು ಮೀಸಲು ಅನುಪಾತವನ್ನು ಶೇ 4ರಿಂದ ಶೇ 3ಕ್ಕೆ ನಾಲ್ಕು ಕಂತುಗಳಲ್ಲಿ ಇಳಿಸುವುದಾಗಿ ರಿಸರ್ವ್ ಬ್ಯಾಂಕ್ ಘೋಷಿಸಿದಾಗಲೂ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಬ್ಯಾಂಕುಗಳಿಗೆ ಬಿಡುಗಡೆಯಾಗುವ ಅಂದಾಜಿತ್ತು. ಅದು ಯಾವ ಗ್ರಾಹಕನಿಗೆ ತಲುಪಬೇಕೆಂಬುದನ್ನು ಆ ಆದೇಶ ಹೇಳುವುದಿಲ್ಲ, ಹೇಳಲೂ ಬಾರದು.

ಇನ್ನೊಂದು ಪದವೂ ಇದರೊಡನೆ ಬೆರೆತು ಭಯ ಹುಟ್ಟಿಸುತ್ತದೆ. ‘ಲಿಕ್ವಿಡೇಷನ್’ ಎಂದರೆ ಕಂಪನಿಯ ಸಮಾಪನೆ, ಅಂದರೆ ಆಸ್ತಿಗಳನ್ನೆಲ್ಲ ಮಾರಿ ಸಾಲ ತೀರಿಸಿ ಬಾಗಿಲು ಹಾಕುವುದು. ಎರಡು ಪದಗಳ ಮೂಲ ಒಂದೇ ಆದರೂ ಲಿಕ್ವಿಡಿಟಿಯ ಕೊರತೆ ದಿವಾಳಿಯಲ್ಲ. ದಿವಾಳಿಯಾದವನ ಸಾಲ ಆಸ್ತಿಯನ್ನು ಮೀರಿರುತ್ತದೆ. ಲಿಕ್ವಿಡಿಟಿಯ ಕೊರತೆಯುಳ್ಳವನಿಗೆ ಆಸ್ತಿ ಸಾಲವನ್ನು ಮೀರಿದ್ದರೂ ಅದು ಈ ಶುಕ್ರವಾರ ಕೈಗೆ ಬಾರದು. ಹಾಗೆಂದು ಎರಡನೆಯದನ್ನು ಹಗುರವಾಗಿ ಕಾಣುವಂತಿಲ್ಲ. 2016ರ ದಿವಾಳಿ ಸಂಹಿತೆಯಡಿ ಕಂಪನಿಯೊಂದರ ವಿರುದ್ಧ ಪ್ರಕ್ರಿಯೆ ಆರಂಭಿಸಲು ಆಸ್ತಿ ಕಡಿಮೆಯಿದೆಯೆಂದು ತೋರಿಸಬೇಕಾಗಿಲ್ಲ, ಪಾವತಿ ತಪ್ಪಿದ್ದನ್ನು ತೋರಿಸಿದರೆ ಸಾಕು. ಆ ಸುಸ್ತಿಯ ಕನಿಷ್ಠ ಮಿತಿಯನ್ನು 2020ರ ಮಾರ್ಚ್‌ನಲ್ಲಿ 1 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿಸಲಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಐಎಲ್ ಅಂಡ್ ಎಫ್‌ಎಸ್ ಸಮೂಹವು ಮರುಪಾವತಿ ತಪ್ಪಿದಾಗ ಅದರ ಹಣ ರಸ್ತೆ, ವಿದ್ಯುತ್ ಮುಂತಾದ ದೀರ್ಘಕಾಲದ ಯೋಜನೆಗಳಲ್ಲಿತ್ತು. ಸಾಲಗಳಲ್ಲಿ ಒಂದು ಭಾಗ ಮಾತ್ರ ಅಲ್ಪಾವಧಿಯ ಪತ್ರಗಳ ಮೂಲಕ ಪಡೆದದ್ದು. ಇಪ್ಪತ್ತು ವರ್ಷದ ಆಸ್ತಿಗೆ ತೊಂಬತ್ತು ದಿನದ ಹಣ ಹೂಡುವ ಈ ತಪ್ಪನ್ನು ದೊಡ್ಡವರಷ್ಟೇ ಮಾಡುವುದಿಲ್ಲ. ಕ್ಯಾಷ್ ಕ್ರೆಡಿಟ್ ಖಾತೆಯಿಂದ ಹಣ ತೆಗೆದು ಶೆಡ್ಡು ಕಟ್ಟಿಸುವ ಅಥವಾ ಯಂತ್ರ ಕೊಳ್ಳುವ ಸಣ್ಣ ಉದ್ದಿಮೆದಾರನೂ ಅದನ್ನೇ ಮಾಡುತ್ತಾನೆ.

ಆರ್ಡರ್ ಹೆಚ್ಚಿದಾಗ ಬರುವ ಇಕ್ಕಟ್ಟು

ಈಗ ಆ ಹನ್ನೆರಡು ಲಕ್ಷ ಲಾಭದ ಘಟಕಕ್ಕೆ ಮರಳಬಹುದು. ಲೇತ್ ಯಂತ್ರಗಳಲ್ಲಿ ಬಿಡಿಭಾಗಗಳನ್ನು ತಯಾರಿಸುವ ಒಂದು ಕಾಲ್ಪನಿಕ ಘಟಕವದು. ತಿಂಗಳಿಗೆ 10 ಲಕ್ಷ ಮಾರಾಟ, 9 ಲಕ್ಷ ಖರ್ಚು, 1 ಲಕ್ಷ ಲಾಭ. ಉಕ್ಕಿನ ಸರಳುಗಳು 30 ದಿನ ಉಗ್ರಾಣದಲ್ಲಿರುತ್ತವೆ. ಕೆಲಸ ನಡೆದು ಸಿದ್ಧ ಮಾಲಾಗಿ ಹೊರಡಲು ಇನ್ನೂ 30 ದಿನ. ಕೊಂಡ ದೊಡ್ಡ ಕಂಪನಿ ಹಣ ಕೊಡಲು 90 ದಿನ. ಒಟ್ಟು 150 ದಿನ. ಉಕ್ಕು ಕೊಟ್ಟ ವರ್ತಕ 30 ದಿನ ಉದ್ರಿ ಕೊಡುತ್ತಾನೆ. ಅದನ್ನು ಕಳೆದರೆ ಉಳಿಯುವ 120 ದಿನ, ಅಂದರೆ ನಾಲ್ಕು ತಿಂಗಳ ಖರ್ಚು, ಸ್ಥೂಲವಾಗಿ 36 ಲಕ್ಷ ರೂಪಾಯಿ, ಸದಾ ಚಕ್ರದಲ್ಲಿ ಸಿಕ್ಕಿಕೊಂಡಿರುತ್ತದೆ.

ಸಣ್ಣ ಘಟಕಗಳ ದುಡಿಯುವ ಬಂಡವಾಳಕ್ಕೆ ನಾಯಕ್ ಸಮಿತಿ 1992ರಲ್ಲಿ ಸೂಚಿಸಿದ ಸೂತ್ರವೇ ಇಂದಿಗೂ ಬ್ಯಾಂಕುಗಳಲ್ಲಿ ಪ್ರಚಲಿತ. ಅಂದಾಜು ವಾರ್ಷಿಕ ವಹಿವಾಟಿನ ಶೇ 25ರಷ್ಟು ಬೇಕಾಗುತ್ತದೆ, ಅದರಲ್ಲಿ ಶೇ 20ನ್ನು ಬ್ಯಾಂಕ್ ಕೊಡಬೇಕು, ಶೇ 5ನ್ನು ಮಾಲೀಕರು ತರಬೇಕು. ಈ ಸೂತ್ರದೊಳಗೆ ಮೂರು ತಿಂಗಳ ಚಕ್ರವೆಂಬ ಊಹೆ ಅಡಗಿದೆ ಎಂಬುದನ್ನು ಗಮನಿಸುವವರು ಕಡಿಮೆ. ನಮ್ಮ ಘಟಕದ ವಹಿವಾಟು 1.20 ಕೋಟಿ, ಅದರ ಕಾಲು ಭಾಗ 30 ಲಕ್ಷ. ಬೇಕಾದದ್ದು 36 ಲಕ್ಷ. ಆರು ಲಕ್ಷದ ಅಂತರ ಮೊದಲ ದಿನದಿಂದಲೇ ಇದೆ. ಅದನ್ನು ತುಂಬುವುದು ಕೈಸಾಲ, ಒಡವೆ, ಇಲ್ಲವೇ ಉಕ್ಕಿನ ವರ್ತಕನಿಗೆ ಹೇಳುವ ‘ಮುಂದಿನ ವಾರ’.

ಮುಂದಿನ ವರ್ಷ ಆರ್ಡರುಗಳು ಹೆಚ್ಚಿ ತಿಂಗಳ ಮಾರಾಟ 15 ಲಕ್ಷಕ್ಕೇರಿತು ಎನ್ನೋಣ. ಮಾಲೀಕರು ಸಿಹಿ ಹಂಚುತ್ತಾರೆ. ಖರ್ಚು 13.5 ಲಕ್ಷವಾಗಿ, ನಾಲ್ಕು ತಿಂಗಳ ಲೆಕ್ಕಕ್ಕೆ 54 ಲಕ್ಷ ಬೇಕು. ಹೆಚ್ಚುವರಿ 18 ಲಕ್ಷ ಬೇಕಾದದ್ದು ಆರಂಭದ ನಾಲ್ಕು ತಿಂಗಳಲ್ಲೇ, ಲಾಭ ಬರುವುದು ತಿಂಗಳಿಗೆ 1.5 ಲಕ್ಷದಂತೆ. ಒಂದು ಪೈಸೆಯನ್ನೂ ಮನೆಗೆ ಒಯ್ಯದಿದ್ದರೂ ಆ 18 ಲಕ್ಷ ಕೂಡಲು ಹನ್ನೆರಡು ತಿಂಗಳಾಗುತ್ತದೆ. ಸಣ್ಣ ಘಟಕಗಳು ವ್ಯಾಪಾರ ಕುಸಿದಾಗ ಮಾತ್ರವಲ್ಲದೆ ಬೆಳೆಯುವಾಗಲೂ ಎಡವುವುದು ಇಲ್ಲಿಯೇ.

ಸರಕು ಮತ್ತು ಸೇವಾ ತೆರಿಗೆಯೂ ಈ ಭಾರಕ್ಕೆ ತನ್ನ ಪಾಲನ್ನು ಸೇರಿಸುತ್ತದೆ. 10 ಲಕ್ಷದ ಬಿಲ್ಲಿನ ಮೇಲೆ ಶೇ 18ರಂತೆ 1.80 ಲಕ್ಷ ತೆರಿಗೆ. ಕೊಂಡ 5 ಲಕ್ಷದ ಮಾಲಿನ ಮೇಲೆ ಈಗಾಗಲೇ ಕೊಟ್ಟ 90 ಸಾವಿರವನ್ನು ಕಳೆದರೂ, ಇನ್ನುಳಿದ 90 ಸಾವಿರವನ್ನು ಮರುತಿಂಗಳಲ್ಲೇ ಕಟ್ಟಬೇಕು. ಆ ಹಣ ಗಿರಾಕಿಯಿಂದ ಬರುವುದು ತೊಂಬತ್ತನೆಯ ದಿನ. ಬಾರದ ಹಣದ ಮೇಲೆ ಬಂದಿದೆಯೆಂಬಂತೆ ತೆರಿಗೆ ಕಟ್ಟುವ ಈ ಪರಿಸ್ಥಿತಿಯ ಬಗ್ಗೆ ಸಣ್ಣ ತಯಾರಕರ ಅಸಮಾಧಾನ ನ್ಯಾಯವಾದದ್ದೇ.

ಇದೇ ಲೆಕ್ಕವನ್ನು ಮತ್ತೊಂದು ಬಗೆಯಲ್ಲಿ ಮಾಡಿ ನೋಡಬಹುದು. ಗಿರಾಕಿಯ 90 ದಿನ 45ಕ್ಕೆ ಇಳಿದರೆ ಚಕ್ರ 75 ದಿನವಾಗುತ್ತದೆ. ಆಗ ತಿಂಗಳಿಗೆ 15 ಲಕ್ಷ ಮಾರಾಟವಿದ್ದರೂ ಬೇಕಾಗುವುದು ಸುಮಾರು 33.75 ಲಕ್ಷ, ಅಂದರೆ ಮೊದಲು 10 ಲಕ್ಷದ ಮಾರಾಟಕ್ಕೆ ಬೇಕಾಗಿದ್ದ ಹಣಕ್ಕಿಂತಲೂ ಕಡಿಮೆ. ಲಾಭಾಂಶವನ್ನು ಹೆಚ್ಚಿಸದೆ, ಹೊಸ ಸಾಲವನ್ನೂ ತರದೆ ವ್ಯಾಪಾರ ಒಂದೂವರೆ ಪಟ್ಟಾಗಬಹುದು. ಬೇಗ ಹಣ ಕೊಡುವವರಿಗೆ ಸೋಡಿ ಕೊಡುವ ವಿಚಾರವನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಅರವತ್ತು ದಿನ ಮೊದಲೇ ಹಣ ಬರಲೆಂದು ಶೇ 2 ಬಿಟ್ಟುಕೊಟ್ಟರೆ ವಾರ್ಷಿಕ ಶೇ 12ಕ್ಕೂ ಸ್ವಲ್ಪ ಹೆಚ್ಚಿನ ಬಡ್ಡಿ ತೆತ್ತಂತಾಯಿತು. ಕೈಸಾಲದ ಬಡ್ಡಿ ಅದಕ್ಕಿಂತ ಹೆಚ್ಚಿದ್ದರೆ ಸೋಡಿಯೇ ಅಗ್ಗ.

ಬ್ಯಾಂಕುಗಳು ಲಿಕ್ವಿಡಿಟಿಯನ್ನು ಅಳೆಯುವ ವಾಡಿಕೆಯ ಕೋಲು ಚಾಲ್ತಿ ಅನುಪಾತ. ಒಂದು ವರ್ಷದೊಳಗೆ ನಗದಾಗುವ ಆಸ್ತಿಯನ್ನು ಒಂದು ವರ್ಷದೊಳಗೆ ತೀರಿಸಬೇಕಾದ ಹೊಣೆಯಿಂದ ಭಾಗಿಸಿದರೆ ಅದು ದೊರೆಯುತ್ತದೆ. 1975ರ ಟಂಡನ್ ಸಮಿತಿಯ ಎರಡನೆಯ ವಿಧಾನದಿಂದ ಬಂದ 1.33 ಎಂಬ ಅಂಕಿ ಬ್ಯಾಂಕ್ ವಲಯದಲ್ಲಿ ಬೇರೂರಿದೆ. ಆದರೆ ಈ ಕೋಲಿಗೆ ಕಣ್ಣಿಲ್ಲ. ಮೂರು ವರ್ಷದಿಂದ ಧೂಳು ಹಿಡಿದ ಮಾಲೂ, ಬರುವ ಭರವಸೆಯಿಲ್ಲದ ಬಾಕಿಯೂ ಅಢಾವೆ ಪತ್ರಿಕೆಯಲ್ಲಿ ಚಾಲ್ತಿ ಆಸ್ತಿಯಾಗಿಯೇ ಕುಳಿತಿರುತ್ತವೆ. ಆದ್ದರಿಂದ ಸರಕನ್ನು ಬಿಟ್ಟು ಲೆಕ್ಕ ಹಾಕುವ ತ್ವರಿತ ಅನುಪಾತವೆಂಬ ಇನ್ನೊಂದು ಅಳತೆಯೂ ಇದೆ. ತಿಂಗಳ ದಾಸ್ತಾನು ಪಟ್ಟಿಯನ್ನು ಪರಿಶೀಲಿಸುವಾಗ ಬ್ಯಾಂಕುಗಳು ಸಾಮಾನ್ಯವಾಗಿ 90 ದಿನ ಮೀರಿದ ಬಾಕಿಯನ್ನು ಡ್ರಾಯಿಂಗ್ ಪವರ್‌ಗೆ ಹಿಡಿಯುವುದಿಲ್ಲ. ಮಾಲೀಕರ ಪುಸ್ತಕದಲ್ಲಿ ಆಸ್ತಿಯಾಗಿರುವುದು ಬ್ಯಾಂಕಿನ ಕಣ್ಣಿನಲ್ಲಿ ಆ ದಿನವೇ ಹೆಪ್ಪುಗಟ್ಟಿರುತ್ತದೆ.

ನಲವತ್ತೈದು ದಿನದ ಕಾನೂನು

ಸಣ್ಣವರ ಲಿಕ್ವಿಡಿಟಿ ದೊಡ್ಡವರ ಖಾತೆಯಲ್ಲಿ ಉಳಿದುಹೋಗುವುದನ್ನು ತಡೆಯಲು ಕಾನೂನಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ 15ನೆಯ ಕಲಮಿನ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಕೊಂಡವರು ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆ ಒಪ್ಪಂದದ ಅವಧಿ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಇದ್ದರೆ ಬಡ್ಡಿ ಶೇ 18. ಆ ಬಡ್ಡಿಯನ್ನು ಕೊಂಡವರು ತಮ್ಮ ಆದಾಯದಿಂದ ಖರ್ಚೆಂದು ಕಳೆಯುವಂತೆಯೂ ಇಲ್ಲ. ದೂರನ್ನು ಸೌಲಭ್ಯ ಮಂಡಳಿಗೆ ಸಲ್ಲಿಸಬಹುದು. ಮಂಡಳಿಯ ತೀರ್ಪನ್ನು ಪ್ರಶ್ನಿಸುವ ಕೊಳ್ಳುಗರು ಮೊದಲು ಅದರ ಶೇ 75ರಷ್ಟನ್ನು ಠೇವಣಿ ಇಡಬೇಕು.

ಇಷ್ಟೆಲ್ಲ ಇದ್ದೂ ದೂರು ಕೊಡುವವರು ಕಡಿಮೆ. ಬಾಕಿಗಾಗಿ ಮಂಡಳಿಯ ಮೆಟ್ಟಿಲು ಹತ್ತಿದವನಿಗೆ ಮುಂದಿನ ಆರ್ಡರ್ ಬರುವುದಿಲ್ಲವೆಂಬ ಭಯವೇ ಅದಕ್ಕೆ ಕಾರಣ, ಮತ್ತು ಆ ಭಯ ನಿರಾಧಾರವೂ ಅಲ್ಲ. ಇದನ್ನು ಮನಗಂಡೇ 2023ರ ಹಣಕಾಸು ಕಾಯಿದೆಯು ಬೇರೊಂದು ದಾರಿ ಹಿಡಿಯಿತು. ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ನಿಗದಿತ ಅವಧಿಯೊಳಗೆ ಕೊಡದ ಹಣವನ್ನು, ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ಕಳೆಯಬಹುದೆಂಬ 43ಬಿ(ಎಚ್) ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಸಣ್ಣವನು ದೂರು ಕೊಡದಿದ್ದರೂ ದೊಡ್ಡವನ ತೆರಿಗೆ ಏರುತ್ತದೆ. ಆದರೆ ಕೆಲವು ಕೊಳ್ಳುಗರು ಸಣ್ಣ ಘಟಕಗಳನ್ನು ಬಿಟ್ಟು, ಈ ನಿಯಮ ಅನ್ವಯಿಸದ ಮಧ್ಯಮ ಘಟಕಗಳ ಕಡೆಗೆ ಖರೀದಿಯನ್ನು ತಿರುಗಿಸಿದ ವರದಿಗಳೂ ಬಂದವು.

ವರ್ತಕರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. 2021ರ ಜುಲೈನಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಯ ಅವಕಾಶ ದೊರೆಯಿತಾದರೂ, ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ. 45 ದಿನದ ರಕ್ಷಣೆ ತಯಾರಕರಿಗೂ ಸೇವೆ ನೀಡುವವರಿಗೂ ಇದೆ, ಕೊಂಡು ಮಾರುವವರಿಗೆ ಇಲ್ಲ. ಆದರೆ ಸಣ್ಣ ತಯಾರಕನಿಂದ ಮಾಲು ಕೊಂಡ ವರ್ತಕನು 45 ದಿನದೊಳಗೆ ಹಣ ಕೊಡಲೇಬೇಕು. ತನಗೆ ಬರಬೇಕಾದುದಕ್ಕೆ ಕಾನೂನಿನ ವಾಯಿದೆಯಿಲ್ಲ, ತಾನು ಕೊಡಬೇಕಾದುದಕ್ಕೆ ಇದೆ. ಉದ್ರಿಯ ಮೇಲೆ ನಿಂತ ಸಗಟು ವ್ಯಾಪಾರಕ್ಕೆ ಇದು ಸಣ್ಣ ಪೆಟ್ಟಲ್ಲ. ಹಳ್ಳಿಯ ಅಂಗಡಿಗಳಿಗೆ ಸುಗ್ಗಿಯವರೆಗೆ ಉದ್ರಿ ಕೊಡುವ ವರ್ತಕನು ಆ ಅಂತರವನ್ನು ತನ್ನ ಬಂಡವಾಳದಿಂದಲೇ ತುಂಬಬೇಕಾಗುತ್ತದೆ.

ತಯಾರಕರಿಗೆ ಇನ್ನೊಂದು ದಾರಿ ತೆರೆದಿದೆ. ರಿಸರ್ವ್ ಬ್ಯಾಂಕ್ 2014ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿ, 2017ರಿಂದ ಕಾರ್ಯಾರಂಭ ಮಾಡಿದ ‘ಟ್ರೆಡ್ಸ್’ ವೇದಿಕೆಗಳಲ್ಲಿ ಬಿಲ್ಲುಗಳ ಹರಾಜು ನಡೆಯುತ್ತದೆ. ಕೊಂಡ ಕಂಪನಿ ಬಿಲ್ಲನ್ನು ಒಪ್ಪಿದೊಡನೆ ಬ್ಯಾಂಕುಗಳು ಬಡ್ಡಿಯ ದರ ಕೂಗುತ್ತವೆ. ಕಡಿಮೆ ದರವನ್ನು ಆರಿಸಿಕೊಂಡ ತಯಾರಕನಿಗೆ ಬಡ್ಡಿ ಕಳೆದ ಹಣ ಕೂಡಲೇ ಬರುತ್ತದೆ, ವಾಯಿದೆಯ ದಿನ ಕಂಪನಿ ಬ್ಯಾಂಕಿಗೆ ಕೊಡುತ್ತದೆ. ಕಂಪನಿ ಕೊಡದಿದ್ದರೆ ಬ್ಯಾಂಕ್ ತಯಾರಕನ ಬೆನ್ನು ಹತ್ತುವಂತಿಲ್ಲ. ಬಡ್ಡಿ ನಿಗದಿಯಾಗುವುದು ಕೊಂಡ ಕಂಪನಿಯ ಯೋಗ್ಯತೆಯ ಮೇಲಾದ್ದರಿಂದ ಸಣ್ಣವನಿಗೆ ತನ್ನ ಹೆಸರಿನಲ್ಲಿ ಸಿಗದ ದರ ಇಲ್ಲಿ ಸಿಗಬಹುದು. ನಮ್ಮ ಹುಂಡಿ ವ್ಯವಹಾರ ಬಲ್ಲ ಹಿರಿಯರಿಗೆ ಇದರ ತಿರುಳು ತಟ್ಟನೆ ಅರ್ಥವಾದೀತು. 250 ಕೋಟಿ ರೂಪಾಯಿ ಮೀರಿದ ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಈ ವೇದಿಕೆಗಳಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆದೇಶಿಸಿತು. ನೋಂದಾಯಿಸಿಕೊಂಡ ಕಂಪನಿಯು ಪ್ರತಿ ಬಿಲ್ಲನ್ನೂ ಅಲ್ಲಿ ಒಪ್ಪಲೇಬೇಕೆಂದು ಮಾತ್ರ ಹೇಳಿಲ್ಲ. ಆದ್ದರಿಂದ ಆರ್ಡರ್ ಪಡೆಯುವಾಗಲೇ ಈ ಮಾತನ್ನು ಕರಾರಿನಲ್ಲಿ ಸೇರಿಸಿಕೊಳ್ಳುವುದು ಕ್ಷೇಮ.

ಹಳೆಯ ಪದ್ಧತಿಯ ಲೆಕ್ಕದಲ್ಲಿ ಖಾತೆಗಿಂತ ಮೊದಲು ಕಿರ್ದಿ ಬರೆಯುತ್ತಿದ್ದರು. ದಿನದ ಕೊನೆಗೆ ‘ಆಖೈರು ಶಿಲ್ಕು’ ಎಂದು ಕೈಯಲ್ಲುಳಿದ ನಗದನ್ನು ಬರೆದಲ್ಲದೆ ಅಂಗಡಿಯ ಬಾಗಿಲು ಹಾಕುತ್ತಿರಲಿಲ್ಲ. ಲಾಭವೆಷ್ಟೆಂದು ತಿಳಿಯುತ್ತಿದ್ದುದು ವರ್ಷಕ್ಕೊಮ್ಮೆ ದೀಪಾವಳಿಗೆ, ಶಿಲ್ಕು ಎಷ್ಟೆಂಬುದು ಪ್ರತಿ ಸಂಜೆ. ಗಣಕಯಂತ್ರದ ಲೆಕ್ಕ ಬಂದ ಮೇಲೆ ಲಾಭ ಪ್ರತಿ ಕ್ಷಣ ಕಾಣುತ್ತದೆ, ಶಿಲ್ಕನ್ನು ಹುಡುಕಬೇಕಾಗಿದೆ. ಹದಿಮೂರು ವಾರಗಳಿಗೆ ಹದಿಮೂರು ಮನೆಗಳ ಒಂದು ಹಾಳೆಯನ್ನು ಗೆರೆ ಹಾಕಿಟ್ಟುಕೊಂಡು, ಪ್ರತಿ ವಾರ ಬರುವ ಹಣ, ಹೋಗುವ ಹಣ ಮತ್ತು ವಾರಾಂತ್ಯದ ಶಿಲ್ಕನ್ನು ಮುಂಚಿತವಾಗಿ ಅಂದಾಜು ಬರೆಯುವ ರೂಢಿ ಕೆಲವು ಘಟಕಗಳಲ್ಲಿದೆ. ಬರುವ ಹಣದ ಮನೆಯಲ್ಲಿ ಬಿಲ್ಲಿನ ವಾಯಿದೆಯನ್ನು ನಂಬದೆ, ಆ ಗಿರಾಕಿ ಕಳೆದ ಮೂರು ಬಾರಿ ನಿಜವಾಗಿ ಹಣ ಕೊಟ್ಟ ದಿನವನ್ನು ನೋಡಿ ಬರೆಯಬೇಕು. ಹೋಗುವ ಹಣದ ಮನೆಯಲ್ಲಿ ಸಂಬಳ, ವಿದ್ಯುತ್ ಮತ್ತು ತೆರಿಗೆಯ ದಿನಾಂಕಗಳು ಮೊದಲು ಬರಬೇಕು. ಏಳನೆಯ ವಾರದ ಶಿಲ್ಕು ಸೊನ್ನೆಗಿಂತ ಕೆಳಗಿಳಿಯುವುದು ಮೊದಲ ವಾರದಲ್ಲೇ ಕಂಡರೆ, ಬ್ಯಾಂಕಿಗೆ ಹೋಗಿ ಮಾತನಾಡಲು ಆರು ವಾರಗಳು ಕೈಯಲ್ಲಿರುತ್ತವೆ.